ದೊಡ್ಡಮ್ಮನ ಒಂಟಿ ಸೀನು

"ಬಾಜೂ ಸರಿಯವ್ವಾ ತಂಗಿ, ಗಾಡಿ ಬಿಡ್ತೀನಿ!" ಸ್ಟಿಯರಿಂಗ್ ಹಿಡಿದ ದೊಡ್ಡಪ್ಪ ಗದರಿದ್ದು ಅಂಗಳದ ತುಳಸಿಕಟ್ಟೆಗೆ.

ಹಿಂದಿನ ಸೀಟಿನಲ್ಲಿದ್ದ ನಾವು ಮಕ್ಕಳು ಬೆವೆತೆವು. ಎಂಬತ್ತರ ದಶಕದ ಆ ಬೇಸಿಗೆ ರಜೆಗೆ ಹರಪನಹಳ್ಳಿಯಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವುದೆಂದು ಅವರೇ ಯೋಜನೆ ಹಾಕಿದ್ದರು. ಕಣ್ಣು ಮಂಜಾಗಿದೆಯೆಂದು ಅವರಿಗೆ ಹೇಳುವ ಧೀರ ನಮ್ಮ ವಂಶದಲ್ಲಿ ಇನ್ನೂ ಅವತರಿಸಿರಲಿಲ್ಲ. ಘಾಟಿಯ ತಿರುವಿನಲ್ಲಿ ಅವರು ಪ್ರಪಾತಕ್ಕೂ ಸರಿಯಲು ಹೇಳುವುದನ್ನು ನೆನೆದು ನಾನು ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಂಡೆ.

ಆಗ ಮುಂದೆ ಕೂತಿದ್ದ ದೊಡ್ಡಮ್ಮ ಒಂದೇ ಒಂದು ಸಲ ಸೀನಿದರು. ಹೊರಡುವಾಗ ಒಂಟಿ ಸೀನು ಅಪಶಕುನ. ದೊಡ್ಡಪ್ಪ ತಕ್ಷಣ ಎಂಜಿನ್ ಬಂದ್ ಮಾಡಿದರು.

"ಈಗ್ಲೇ ಸೀನಬೇಕಾಗಿತ್ತೇನ?"

"ಶಕುನ ನನ್ನ ಕೈಯಾಗ ಐತೇನ್ರಿ?" ಎಂದ ದೊಡ್ಡಮ್ಮನ ಬೆರಳಲ್ಲಿ, ಸೆರಗಿನ ಮರೆಯಲ್ಲಿ, ಅಜ್ಜನ ನಶ್ಯವಿತ್ತು.

ಇಂದಿಗೂ ಪ್ರಯಾಣ ಹೊರಡುವಾಗ ಯಾರಾದರೂ ಸೀನಿದರೆ ನನಗೆ ಹೋದ ಜೀವ ಬಂದಂತಾಗುತ್ತದೆ.