ತಿಲಕ್ ನಗರದ ತಾರಸಿಯಲ್ಲಿ ನೂರ ಇಪ್ಪತ್ತು–ಎಂಬತ್ತು

ನಮ್ಮ ಪಕ್ಕದ ಮನೆಯ ಪ್ರೇರಣಾ ಕಾಲೇಜು ಸೇರಿದ್ದು ತಿಲಕ್ ನಗರದ ಇತಿಹಾಸದಲ್ಲಿ ದಾಖಲಾಗಬೇಕಾದ ಘಟನೆ. ಬೇರೆ ಇತಿಹಾಸಕಾರರು ಸಿಗದಿದ್ದರಿಂದ ನಾನೇ ಬರೆಯುತ್ತಿದ್ದೇನೆ.

ಅವಳ ಅಪ್ಪ ಜಯದೇವಪ್ಪ ಬನಶಂಕರಿ ದೇವಸ್ಥಾನದ ಹತ್ತಿರ ಪೂಜಾ ಸಾಮಾನಿನ ಅಂಗಡಿ ಇಟ್ಟವರು. ಅವರ ವಂಶದಲ್ಲಿ ಕಾಲೇಜಿನ ಹೊಸ್ತಿಲು ದಾಟಿದವರು ಯಾರೂ ಇರಲಿಲ್ಲ. ಹೀಗಾಗಿ ಕಾಲೇಜು ಸೇರುವ ಕ್ರಮವೇನೆಂದು ಹೇಳಿಕೊಡುವವರಿಲ್ಲದೆ, ಹೊಸ ಗಾಡಿ ತಂದಾಗ ಏನು ಮಾಡುತ್ತಾರೋ ಅದನ್ನೇ ನರ್ಸಿಂಗ್ ಕಾಲೇಜಿನ ಗೇಟಿನ ಮುಂದೆಯೂ ಮಾಡಿದರು. ಕುಂಕುಮ ತುಂಬಿದ ಬೂದುಗುಂಬಳವನ್ನು ಎತ್ತಿ ನೆಲಕ್ಕಪ್ಪಳಿಸಿದರು. ವಾಚ್‌ಮನ್ ಓಡಿ ಬಂದ.

“ಏನ್ ಸಾರ್ ಇದು, ಆಯುಧಪೂಜೆನಾ?”

“ಮಗಳು ಸೇರ್ತಿದಾಳಪ್ಪ. ದೃಷ್ಟಿ ಆಗಬಾರದಲ್ಲ!”

ಮಗಳು ಆ ಹೊತ್ತಿಗೆ ಯಾರೋ ಬೇರೆಯವರ ಮಗಳಂತೆ ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು.

ಗೇಟು ದಾಟಿದ ಮೇಲೂ ಕಷ್ಟ ತಪ್ಪಲಿಲ್ಲ. ಕರೆಯದೆ ಯಾರ ಮನೆಯೊಳಗೂ ಹೋಗಬಾರದೆಂದು ಬೆಳೆಸಿದ ಹುಡುಗಿ ಅವಳು. ಲೈಬ್ರರಿಯ ಬಾಗಿಲಲ್ಲಿ ಯಾರಾದರೂ “ಒಳಗೆ ಬಾಮ್ಮ” ಎನ್ನಲಿ ಎಂದು ಒಂದು ತಿಂಗಳು ಕಾದಳು. ಯಾರೂ ಅನ್ನಲಿಲ್ಲ. ಕೊನೆಗೆ ಕಸ ಗುಡಿಸುವಾಕೆ, “ಅದೇನು ದಿನಾ ಬಾಗಿಲಲ್ಲೇ ನಿಂತಿರ್ತೀಯಾ, ಒಳಗ್ ಹೋಗು ಇಲ್ಲಾ ಪಕ್ಕಕ್ಕೆ ನಿಲ್ಲು” ಎಂದು ಪೊರಕೆ ಆಡಿಸಿದಾಗ ಸರಸ್ವತಿಯ ಭಂಡಾರ ಪ್ರವೇಶಿಸಿದಳು.

ಇಂಥ ಪೊರಕೆಗಾಗಿ ಇನ್ನೊಬ್ಬರು ಕಾಯಬಾರದು ಎನ್ನುವುದೇ ಅವಳ ಹಟ. ಮೂರನೇ ವರ್ಷಕ್ಕೆ ಬಂದವಳೇ, ತನ್ನ ಹಾಗೆಯೇ ಮನೆಗೆ ಮೊದಲಿಗರಾಗಿ ಕಾಲೇಜಿಗೆ ಬಂದ ಕಿರಿಯರನ್ನು ಪ್ರತಿ ಭಾನುವಾರ ತಮ್ಮ ಬಾಡಿಗೆ ಮನೆಯ ತಾರಸಿಗೆ ಕರೆಯತೊಡಗಿದಳು. ವಾರ್ಡಿನಲ್ಲಿ ಎಲ್ಲಿ ನಿಲ್ಲಬೇಕು, ಪಾಠ ಅರ್ಥವಾಗದಿದ್ದರೆ ಮೇಷ್ಟ್ರನ್ನು ಹೇಗೆ ಕೇಳಬೇಕು, ಬಿಳಿ ಶೂ ಎಲ್ಲಿ ಅಗ್ಗ, ಇವೆಲ್ಲ ಅಲ್ಲಿನ ಪಾಠ. ಅವಳ ತಾಯಿ ಉಮಾಮಹೇಶ್ವರಿ ಒಗ್ಗರಣೆ ಮಂಡಕ್ಕಿ ಕಳಿಸುತ್ತಿದ್ದರು. ಬಿಪಿ ನೋಡಿ ಕಲಿಯಲು ತೋಳುಗಳು ಬೇಕಿದ್ದವು. ನಮ್ಮ ರಸ್ತೆ ಉದಾರವಾಗಿ ತೋಳು ನೀಡಿತು. ನನ್ನ ಎಡತೋಳು ದೇಶದ ಆರೋಗ್ಯಕ್ಕೆ ಸಲ್ಲಿಸಿದ ಸೇವೆಯನ್ನು ಸರ್ಕಾರ ಗಮನಿಸಿಲ್ಲ. ನನಗೆ ಅದರ ಬೇಸರವಿಲ್ಲ, ಮಂಡಕ್ಕಿ ಸಿಕ್ಕಿದೆ.

ತಾರಸಿ ಮಾತ್ರ ಮನೆಯ ಮಾಲೀಕ ಪರಮಶಿವಯ್ಯನವರದು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಗದರಿಕೆ. ಬೀದಿನಾಯಿಗಳೂ ಅವರ ಗೇಟಿನ ಮುಂದೆ ಬೊಗಳುವುದನ್ನು ನಿಲ್ಲಿಸಿ, ಆಚೆ ಹೋಗಿ ಮುಂದುವರಿಸುತ್ತಿದ್ದವು. ತಾರಸಿ ಬಿಟ್ಟುಕೊಡಲು ಅವರದ್ದು ಒಂದೇ ಷರತ್ತು: ಪ್ರತಿವಾರ ತಮ್ಮ ಬಿಪಿ ನೋಡಬೇಕು. ಎರಡು ತಿಂಗಳಿಂದ ಆ ಸಿಂಹದ ತೋಳನ್ನು ಲಿಖಿತಾಳಿಗೆ ವಹಿಸಲಾಗಿತ್ತು. ಲಿಖಿತಾ ಮಡಿವಾಳ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಮರಿಯಮ್ಮನ ಮಗಳು. ಮೊದಲ ವರ್ಷದವಳು, ಎದುರು ನಿಂತರೂ ಕಾಣದಷ್ಟು ಮೆತ್ತಗಿನ ಹುಡುಗಿ.

ಒಂದು ಭಾನುವಾರ ನಾನು ತಾರಸಿ ಹತ್ತಿದಾಗ ಬಹಳ ಖುಷಿಯಲ್ಲಿದ್ದೆ.

“ಪ್ರೇರಣಾ, ನಿನ್ನ ಶಿಷ್ಯೆಯ ಕೈಗುಣ ನೋಡು. ಹೋದ ವಾರ ನಂದು ನೂರ ಇಪ್ಪತ್ತು–ಎಂಬತ್ತು. ನಮ್ಮನೆ ವಿಮಲಂದೂ ಅದೇ. ಪರಮಶಿವಯ್ಯೋರದ್ದೂ ಅದೇ, ಅವರು ದಿನಾ ಉಪ್ಪಿನಕಾಯಿ ಚಪ್ಪರಿಸ್ತಿದಾರೆ. ಇಡೀ ರಸ್ತೆಗೆ ಒಂದೇ ಬಿಪಿ!”

ಪ್ರೇರಣಾ ನಗಲಿಲ್ಲ. ನನ್ನನ್ನು ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ತಾನೇ ಪಟ್ಟಿ ಸುತ್ತಿ, ಗಾಳಿ ಒತ್ತಿ, ಕಿವಿಗೊಟ್ಟು ಕೇಳಿದಳು. ಮುಖ ಸಪ್ಪಗಾಯಿತು.

“ಅಂಕಲ್, ನೂರ ನಲವತ್ತೆಂಟು–ತೊಂಬತ್ತಾರು.”

ನನ್ನ ಸಾಮ್ರಾಜ್ಯ ಕುಸಿಯಿತು. ಅದನ್ನು ಯಾರೂ ಗಮನಿಸಲಿಲ್ಲ. ಪ್ರೇರಣಾ ಲಿಖಿತಾಳ ಕಡೆ ತಿರುಗಿದ್ದಳು.

“ನಿಂಗೆ ಶಬ್ದ ಕೇಳಿಸ್ತಿಲ್ವಾ?”

“ಕೇಳಿಸುತ್ತೆ ಅಕ್ಕ.”

“ಮತ್ತೆ?”

ಲಿಖಿತಾ ದುಪಟ್ಟಾದ ತುದಿ ತಿರುಚಿದಳು. “ಹೇಗಕ್ಕ ಹೇಳೋದು? ದೊಡ್ಡೋರು ನಗ್ತಾ ಕೈ ಕೊಡ್ತಾರೆ. ಅವರ ಮುಖಕ್ಕೆ ಕೆಟ್ಟದ್ದು ಹೇಳಿ ನಾನೇ ಶಾಪ ಹಾಕ್ದಂಗೆ ಆಗಲ್ವಾ? ನಮ್ಮನೇಲಿ ಅಕ್ಕಿ ಮುಗಿದ್ರೂ ಮುಗೀತು ಅನ್ನಲ್ಲ. ಮೊನ್ನೆ ವಾರ್ಡಲ್ಲೂ ಹಂಗೇ ಮಾಡ್ದೆ. ಮೇಡಂ ಹಿಡಿದುಬಿಟ್ರು. ಬುಧವಾರ ಪ್ರಾಕ್ಟಿಕಲ್‌ನಲ್ಲೂ ಸುಳ್ಳು ಹೇಳಿದ್ರೆ ಫೇಲ್ ಮಾಡ್ತೀನಿ ಅಂದಿದಾರೆ. ನಂಗೆ ಇದು ಆಗಲ್ಲ ಅಕ್ಕ. ನಾಳೆನೇ ಕಾಲೇಜು ಬಿಟ್ಟು ಅಮ್ಮನ ಜೊತೆ ಕೂತ್ಕೊಂಡ್ಬಿಡ್ತೀನಿ.”

ಇದು ಆ ಹುಡುಗಿಯೊಬ್ಬಳದೇ ತಪ್ಪೆಂದು ನಗುವಂತಿರಲಿಲ್ಲ. ಬಳೆ ಒಡೆದರೆ ಹೆಚ್ಚಿತು ಎನ್ನುವ, ಹೊರಡುವಾಗ ಬರ್ತೀನಿ ಎನ್ನುವ ನಾವೆಲ್ಲ ಸೇರಿ ಕಲಿಸಿದ ಪಾಠವನ್ನೇ ಆ ಹುಡುಗಿ ನಮ್ಮ ತೋಳಿನ ಮೇಲೆ ಒಪ್ಪಿಸಿದ್ದಳು.

ಪ್ರೇರಣಾ ಬೈಯಲಿಲ್ಲ. ಆದರೆ ಅವಳ ದನಿ ಬಿಗಿಯಾಗಿತ್ತು. “ನಂದೂ ತಪ್ಪು. ನೀನು ನೋಡಿದ್ಮೇಲೆ ನಾನು ಇನ್ನೊಂದ್ಸಲ ನೋಡ್ಬೇಕಿತ್ತು. ಆದ್ರೆ ಲಿಖಿತಾ, ನೀನು ಹೇಳದೇ ಇದ್ರೆ ಕೆಟ್ಟದ್ದು ಹೋಗ್ಬಿಡಲ್ಲ. ಅವರ ಮೈಯಲ್ಲೇ ಇರುತ್ತೆ, ಅವರಿಗೆ ಗೊತ್ತಿಲ್ದೆ. ಹೇಳಿದ್ರೆ ಬೈತಾರೆ, ಬೈಲಿ. ಬೈಯೋಕಾದ್ರೂ ಇರ್ಬೇಕಲ್ಲ ಅವರು. ಹೇಳಿ ಓಡ್ಬೇಡ. ಪಕ್ಕದಲ್ಲಿ ಕೂತು, ಮುಂದೇನು ಮಾಡ್ಬೇಕು ಅನ್ನೋದನ್ನೂ ಹೇಳು. ಅಷ್ಟೇ ನಮ್ಮ ಕೆಲಸ.”

“ನೀವೇ ಹೇಳಿ ಅಕ್ಕ, ಪ್ಲೀಸ್.”

“ಬುಧವಾರ ನಾನಿರ್ತೀನಾ?”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ರಣಭೂಮಿಗೆ ಮಹಾರಥಿಯ ಆಗಮನವಾಗಿತ್ತು. ಪರಮಶಿವಯ್ಯನವರು ಕುರ್ಚಿಯಲ್ಲಿ ಕೂತು, ಸುಧಾರಿಸಿಕೊಂಡು, ಅಂಗಿಯ ತೋಳು ಮಡಚಿ ಕೈ ಚಾಚಿದರು. ಲಿಖಿತಾ ಪಟ್ಟಿ ಸುತ್ತಿದಳು. ಗಾಳಿ ತುಂಬುವ ರಬ್ಬರ್ ಬಲ್ಬು ಒತ್ತಿದಳು. ಮುಳ್ಳು ಮೇಲೇರಿ ಮೆಲ್ಲನೆ ಇಳಿಯಿತು. ಇನ್ನೊಮ್ಮೆ ನೋಡಿದಳು. ಪ್ರೇರಣಾ ಉದ್ದೇಶಪೂರ್ವಕವಾಗಿ ಬೆನ್ನು ತಿರುಗಿಸಿ ಒಣಹಾಕಿದ ಬಟ್ಟೆ ಮಡಚುತ್ತಿದ್ದಳು. ಅವು ಇನ್ನೂ ಒಣಗಿರಲಿಲ್ಲ.

“ಅಜ್ಜ...”

“ಗೊತ್ತು ಬಿಡಮ್ಮ, ನೂರ ಇಪ್ಪತ್ತು.”

“ಇಲ್ಲ ಅಜ್ಜ. ನೂರ ಅರವತ್ತೆಂಟು. ಕೆಳಗಡೇದು ನೂರು. ಜಾಸ್ತಿ ಇದೆ.”

ತಾರಸಿಯಲ್ಲಿ ಮಂಡಕ್ಕಿ ಅಗಿಯುವ ಶಬ್ದವೂ ನಿಂತಿತು. ಅಗಿಯುತ್ತಿದ್ದವನು ನಾನೊಬ್ಬನೇ.

“ಹೋದ ವಾರ ಸರಿ ಇತ್ತಲ್ಲ?”

“ಹೋದ ವಾರನೂ ಇರ್ಲಿಲ್ಲ ಅಜ್ಜ. ನಿಮಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳ್ದೆ. ತಪ್ಪಾಯ್ತು.” ಲಿಖಿತಾಳ ಕಣ್ಣಲ್ಲಿ ನೀರಿತ್ತು. ಆದರೂ ಎದ್ದು ಹೋಗಲಿಲ್ಲ. ಸ್ಟೂಲನ್ನು ಅವರ ಹತ್ತಿರಕ್ಕೇ ಎಳೆದುಕೊಂಡಳು. “ನಾಳೆನೇ ಡಾಕ್ಟರಿಗೆ ತೋರಿಸ್ಬೇಕು. ಉಪ್ಪಿನಕಾಯಿ ಬೇಡ. ಎದೆ ನೋವು, ಉಸಿರಾಟಕ್ಕೆ ಕಷ್ಟ ಏನಾದ್ರೂ ಇದ್ಯಾ?”

ಪರಮಶಿವಯ್ಯನವರ ಮುಖ ಕೆಂಪಾಯಿತು. ಅವರು ಗುಡುಗಿದರು. ಗುಡುಗು ಮಾತ್ರ ನಾವು ಕಾದ ದಿಕ್ಕಿನಿಂದ ಬರಲಿಲ್ಲ.

“ಎರಡು ತಿಂಗಳು ನನಗೆ ಸುಳ್ಳು ಹೇಳಿದೀಯಾ! ನಾನು ಕರೆಂಟಾಫೀಸಲ್ಲಿ ಮೀಟರ್ ರೀಡರ್ ಆಗಿದ್ದೋನು. ನಾಯಿ ಛೂ ಬಿಟ್ಟಿದಾರೆ, ತಲೆ ಮೇಲೆ ನೀರು ಸುರಿದಿದಾರೆ. ಒಂದು ಯೂನಿಟ್ ಕಡಿಮೆ ಬರೆದಿಲ್ಲ. ಮೀಟರ್ ತೋರಿಸಿದ್ದನ್ನ ಹೇಳೋಕೆ ಯಾರಪ್ಪನ ಭಯ ನಿಂಗೆ?”

“ನಿಮ್ಮ ಭಯಾನೇ ಅಜ್ಜ” ಎಂದಳು ಲಿಖಿತಾ, ಪಾಪ, ಸತ್ಯ ಹೇಳುವ ಹೊಸ ಹುಮ್ಮಸ್ಸಿನಲ್ಲಿ.

ನಗುವಿಗೆ ತೀರ ಹತ್ತಿರದ ಏನೋ ಒಂದು ಪರಮಶಿವಯ್ಯನವರ ಮೀಸೆಯ ಕೆಳಗೆ ಹಾದುಹೋಯಿತು. “ಎದೆ ನೋವಿಲ್ಲ. ಬೆಳಿಗ್ಗೆ ಹೊತ್ತು ತಲೆ ಭಾರ. ಯಾವ ಡಾಕ್ಟ್ರು, ಅದನ್ನೂ ನೀನೇ ಹೇಳು.”

ಸೋಮವಾರ ಜಯನಗರದ ಡಾಕ್ಟರು ಮಾತ್ರೆ ಶುರುಮಾಡಿ, ಸರಿಯಾದ ಹೊತ್ತಿಗೆ ಬಂದಿರಿ ಎಂದರಂತೆ. ಪರಮಶಿವಯ್ಯನವರು ಅಲ್ಲಿಂದ ನೇರವಾಗಿ ಮಡಿವಾಳಕ್ಕೆ ಹೋಗಿ, ಮರಿಯಮ್ಮನ ಮುಂದೆ ನಿಂತು, “ನಿನ್ನ ಮಗಳು ನನ್ನ ಜೀವ ಉಳಿಸಿದಳು ಕಣಮ್ಮ” ಎಂದು ಗದರಿದರು. ಅವರಿಗೆ ಕೃತಜ್ಞತೆ ಹೇಳಲು ಬೇರೆ ದನಿ ಇರಲಿಲ್ಲ. ಮರಿಯಮ್ಮ ಹೆದರಿ ಎರಡು ಕಟ್ಟು ದಂಟಿನಸೊಪ್ಪು ಕೊಟ್ಟರು. ನಮ್ಮ ಮನೆಯಲ್ಲಿ ಹೆಂಡತಿ ವಿಮಲಾ ನನ್ನನ್ನೂ ಡಾಕ್ಟರ ಬಳಿ ನೂಕಿ, ಹಪ್ಪಳದ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಅದಕ್ಕೂ ನಾನು ಕೃತಜ್ಞ. ಡಬ್ಬಿಯನ್ನು ನೋಡುವಾಗ ಸ್ವಲ್ಪ ಕಡಿಮೆ.

ಬುಧವಾರ ಸಂಜೆ ಲಿಖಿತಾ ಕಾಲೇಜಿನಿಂದ ನೇರ ಪ್ರೇರಣಾಳ ಮನೆಗೆ ಬಂದಳು. ಬಾಗಿಲಲ್ಲಿ ಜಯದೇವಪ್ಪ, ಉಮಾಮಹೇಶ್ವರಿ, ಪರಮಶಿವಯ್ಯ, ನಾನು ಎಲ್ಲರೂ ಏನೂ ಕೆಲಸವಿಲ್ಲದಿದ್ದರೂ ಆಕಸ್ಮಿಕವಾಗಿ ನಿಂತಿದ್ದೆವು.

“ಪಾಸಾ?” ಎಂದಳು ಪ್ರೇರಣಾ.

“ಪಾಸ್ ಅಕ್ಕ. ಆದ್ರೆ ಏನಾಯ್ತು ಗೊತ್ತಾ? ನಂಗೆ ಸಿಕ್ಕ ಪೇಷಂಟಿಗೆ ನಿಜವಾಗ್ಲೂ ನೂರ ಇಪ್ಪತ್ತು–ಎಂಬತ್ತೇ ಇತ್ತು! ಹೇಳಿದ ತಕ್ಷಣ ಮೇಡಂ ಕಣ್ಣು ಕೆಂಪು ಮಾಡಿದ್ರು. ಜಾಸ್ತಿ ಹೇಳಿದ್ರೆ ನಂಬ್ತಿದ್ರೇನೋ ಅನ್ನಿಸ್ತು. ಆದ್ರೂ, ಇರೋದೇ ಅಷ್ಟು ಮೇಡಂ, ನೀವೇ ನೋಡಿ ಅಂದೆ. ಎರಡು ಸಲ ನೋಡಿದ್ರು ಅಕ್ಕ!”

ಪ್ರೇರಣಾ ನಕ್ಕು ನಕ್ಕು ಹೊಸ್ತಿಲ ಮೇಲೆಯೇ ಕೂತಳು.