ಬಕೆಟ್ಟಿನಲ್ಲಿ ತೇಲಿದ ಜ್ವಾಲಾಮುಖಿ

ಮೊನ್ನೆ ಸ್ನಾನಕ್ಕೆ ಹೋದರೆ ಬಕೆಟ್ಟಿನ ನೀರಿನಲ್ಲಿ ಬೂದು ಬಣ್ಣದ ಕಲ್ಲೊಂದು ತೇಲುತ್ತಿತ್ತು. ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟಿದ್ದನ್ನು ಹೆಂಡತಿ ಹಿಮ್ಮಡಿ ಉಜ್ಜಲು ತಂದಿದ್ದಳು. ರೇಗಿದೆ. "ಒಂದು ಕಲ್ಲಿಗೂ ಬಿ.ಪಿ. ಏರಿಸ್ಕೋತೀರಲ್ರೀ" ಎಂದಳು. ಬರೀ ಕಲ್ಲಾಗಿದ್ದರೆ...

ಕೊಲ್ಲಿ ದೇಶದ ಈ ಅಲ್ ಮವಾಲೇಹ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಉಡುಪಿ ಕಡೆಯ ಭೂಗೋಳದ ಮೇಷ್ಟ್ರೊಬ್ಬರಿದ್ದರು. ಒಂಟಿ ಜೀವ. ಅಲಾಸ್ಕಾದ ಹಿಮನದಿಗಳ ನಡುವೆ, ರಸ್ತೆಯೇ ಇಲ್ಲದ ಕಡೆ, ಹಿಮ ಹೊದ್ದು ಕೂತ ಒಂದು ಜ್ವಾಲಾಮುಖಿಯ ಮೇಲೆ ಅವರಿಗೆ ವಿಪರೀತ ಮೋಹ. ಅದು ಹಿಂದೆಂದೋ ಸಿಡಿದಾಗ ನೊರೆಯಾಗಿ ಹಾರಿ, ಆರಿ ಗಟ್ಟಿಯಾದದ್ದೇ ಬಕೆಟ್ಟಿನ ಈ ಕಲ್ಲು. ಅಲ್ಲಿ ಕೆಲಸಕ್ಕಿದ್ದ ಹಳೆಯ ಶಿಷ್ಯೆ ಕಳಿಸಿದ್ದಳು. ಚಹಾಕ್ಕೆ ಹೋದವರಿಗೆಲ್ಲ ಪಾತ್ರೆಯಲ್ಲಿ ತೇಲಿಸಿ ತೋರಿಸುತ್ತಿದ್ದರು.

"ಇಷ್ಟು ವರ್ಷ ಸುಮ್ಮನಿದೆ ಅಂದ್ರೆ ಅದು ಖಲಾಸ್ ಅಲ್ವಾ ಸಾರ್?" ಎಂದಿದ್ದೆ.

"ಎಂತ ಖಲಾಸ್ ಮಾರಾಯ್ರೆ! ಅದು ಮಲಗಿದ್ದು. ನಿಮ್ಮ ಹಾಗೆ ಹೆದರಿ ಕೂತದ್ದಲ್ಲ."

ನಿವೃತ್ತಿಗೆ ಮೂರು ತಿಂಗಳಿರುವಾಗ ಶಿಷ್ಯೆ ಕರೆದಳು: ಬನ್ನಿ, ಸಣ್ಣ ವಿಮಾನದಲ್ಲಿ ಬೆಟ್ಟದ ಸುತ್ತ ಹಾರಿಸುತ್ತೇನೆ. ಕೆಲಸ ಮುಗಿದರೆ ಇಲ್ಲಿರಲು ಬೇಕಾದ ರೆಸಿಡೆನ್ಸ್ ಕಾರ್ಡೂ ಮುಗಿಯುತ್ತದೆ. ಊರಿಗೆ ಹೋದರೆ ವೀಸಾ ಸಂದರ್ಶನದ ಸರದಿಯೇ ವರ್ಷಗಟ್ಟಲೆ. ಇಲ್ಲಿಂದಲೇ, ಬೇಗ ಅರ್ಜಿ ಹೋಗಬೇಕಿತ್ತು. ಆಫೀಸಿನವನೆಂಬ ಗೌರವದಿಂದ ಅದನ್ನು ತುಂಬುವ ಕೆಲಸ ನನಗೊಪ್ಪಿಸಿದರು.

ಮೊದಲ ಖಾನೆಯಲ್ಲೇ ಸಿಕ್ಕಿಬಿದ್ದೆ. ಸರ್‌ನೇಮ್! ಪಾಸ್‌ಪೋರ್ಟಿನಲ್ಲಿ ಅವರದು ಒಂದೇ ಹೆಸರು. ಅಪ್ಪನ ಹೆಸರು ಹಾಕಲೇ, ಊರಿನದು ಹಾಕಲೇ? ತಪ್ಪಾದರೆ? ಮುಂದೆ ಆ ಸಣ್ಣ ವಿಮಾನವೇ ಬಿದ್ದರೆ? ಉಳಿದದ್ದನ್ನೆಲ್ಲ ತುಂಬಿ ಅದೊಂದಕ್ಕೆ ಅವರಿವರನ್ನು ಕೇಳಿದೆ, ಡ್ರಾಫ್ಟ್ ಉಳಿಸಿದೆ, ಮತ್ತೆ ತೆರೆದೆ... ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಮೇಷ್ಟ್ರು "ಆಯ್ತಾ?" ಎನ್ನುವರು. "ಒಂದೇ ಖಾನೆ ಬಾಕಿ ಸಾರ್" ಎನ್ನುವೆ. ಸುಳ್ಳೇನಲ್ಲ, ಅದೇ ಕಷ್ಟ.

ಕಾರ್ಡು ರದ್ದಾದ ದಿನ ಬಂದು ಕಲ್ಲನ್ನು ನನ್ನ ಕೈಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೇನೋ.

"ಊರಲ್ಲೇ ಕಾಯುವ, ಬಿಡಿ. ಬೆಟ್ಟ ಎಲ್ಲಿಗೂ ಹೋಗುದಿಲ್ಲ" ಎಂದರು.

ಬೆಟ್ಟ ಹೋಗಲಿಲ್ಲ. ಮರುವರ್ಷ, ಸರದಿ ಬರುವ ಮೊದಲೇ ಮೇಷ್ಟ್ರು ಹೋದರು. ಇರುವ ಒಂದೇ ಹೆಸರನ್ನು ಆ ಖಾನೆಯಲ್ಲಿ ಬರೆದಿದ್ದರೆ ಸಾಕಿತ್ತಂತೆ. ಹಾಗೆಂದು ಅರ್ಜಿಯ ಸೂಚನೆಯಲ್ಲೇ ಇತ್ತು. ಇಡೀ ಜಗತ್ತಿನ ಅಪಾಯಗಳನ್ನೆಲ್ಲ ಓದಿದ ನಾನು ಅದೊಂದನ್ನು ಓದಿರಲಿಲ್ಲ.

ಬಕೆಟ್ಟಿನ ಕಲ್ಲನ್ನು ಬೆರಳಿನಿಂದ ತಳಕ್ಕೆ ಅದುಮಿದೆ. ಬಿಟ್ಟೊಡನೆ ಮೇಲೆ ಬಂತು. ಮತ್ತೆ ಅದುಮಿದೆ...

"ಆಯ್ತಾ?" ಹೊರಗಿನಿಂದ ಹೆಂಡತಿ ಕೂಗಿದಳು.

ಕಲ್ಲನ್ನು ನೀರಿನಿಂದೆತ್ತಿ ಟವೆಲಿನಲ್ಲಿ ಸುತ್ತಿದೆ.