ರಂಗಕ್ಕನ ಬಾವಿ ಕೆಟ್ಟದ್ದು

ರಂಗಕ್ಕ, ನಿನ್ನ ಬಾವಿ ಕೆಡಿಸಿದವನು ನಾನು. ಆ ದೊಡ್ಡ ಮಿಲ್ಲಲ್ಲ — ನಾನೇ.

ಎಂಬತ್ತರ ದಶಕದ ತಿರುಪ್ಪೂರು. ನಿನ್ನ ಹಿತ್ತಲ ಗೋಡೆಗೆ ಹೊಂದಿಕೊಂಡೇ ನನ್ನ ಸಾಯಪಟ್ಟರೆ, ನೂಲಿಗೆ ಬಣ್ಣ ಹಾಕುವ ತಗಡಿನ ಕೊಟ್ಟಿಗೆ. ಬೀದಿಯಲ್ಲಿ ನನಗೆ ಒಳ್ಳೆಯ ಮುದಲಾಳಿ, ಒಳ್ಳೆಯ ಧಣಿ ಎಂಬ ಹೆಸರಿತ್ತು. ಕೆಲಸದವರ ಮನೆಯಲ್ಲಿ ಹೆರಿಗೆಯಾದರೆ ನಮ್ಮ ಮನೆಯಿಂದ ಪಥ್ಯದ ಊಟ ಹೋಗುತ್ತಿತ್ತು. ನಿನ್ನ ಗಂಡ ತೀರಿಕೊಂಡಾಗ ಹೆಗಲು ಕೊಟ್ಟೆ. ಅಂದಿನಿಂದ ನೀನು ತಮ್ಮ ಎಂದೆ.

ಬಣ್ಣದ ನೀರನ್ನು ಮಾತ್ರ ಹಿತ್ತಲ ಮಣ್ಣಿನ ಗುಂಡಿಗೆ ಬಿಡುತ್ತಿದ್ದೆ. ಅದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ. ನಾನೂ —

ಒಂದು ಬೇಸಿಗೆ ನಿನ್ನ ಕೊಡದಲ್ಲಿ ಕೆಂಪು ನೀರು ಬಂತು. ಬೀದಿಯೆಲ್ಲ ಕುಡಿಯುತ್ತಿದ್ದುದು ಆ ಬಾವಿಯ ನೀರನ್ನೇ. ಓಡಿಹೋಗಿ ನನ್ನ ಗುಂಡಿ ನೋಡಿದೆ. ತುಂಬಿದ್ದ ನೀರು ಇಳಿದುಹೋಗಿತ್ತು, ನಿನ್ನ ಗೋಡೆಯ ಕಡೆ ಮಣ್ಣು ಬಾಯಿಬಿಟ್ಟಿತ್ತು. ಅಷ್ಟು ಹೊತ್ತಿಗೆ ಜನ, ಇದು ದೊಡ್ಡ ಮಿಲ್ಲಿನ ಬಣ್ಣದ ನೀರೇ ಎಂದು ಅದರ ಗೇಟಿಗೆ ಹೊರಟಿದ್ದರು. ನಾನೂ ಹೋದೆ.

ಮಿಲ್ಲಿನಲ್ಲಿ ಕಾರ್ಮಿಕರ ಕ್ಷೇಮ ನೋಡುವ ಅಧಿಕಾರಿ ಸೀನಪ್ಪ ಹೊರಗೆ ಬಂದ. ನಮ್ಮ ಕನ್ನಡದವನೇ. "ಈ ವಾರ ಸಾಯ ಹಾಕೋ ಕಡೆ ಪೂಟು ಹಾಕೈತೆ, ಬೀಗ ತೆಗ್ದೇ ಇಲ್ಲ, ಒಳಗೆ ಬಂದು ನೋಡಿ" ಎಂದು ಬೇಡಿಕೊಂಡ. ಯಾರೂ ನಂಬಲಿಲ್ಲ. ಗುಂಪಿನಲ್ಲಿ ಒಬ್ಬ ನನ್ನ ಕಡೆ ತಿರುಗಿದ — ನಾನು ಬಾಯಿ ತೆರೆಯುವ ಮೊದಲೇ ನೀನು ಸಿಡುಕಿದೆ: "ಅವನು ನಮ್ಮ ಮನೆ ಪಿಳ್ಳೆ. ಅವನು ಹಂಗೆ ಮಾಡ್ತಾನಾ?"

ಆಗ ನಾನು ಹೇಳಿದೆ, "ಸಣ್ಣ ಪಟ್ಟರೆ ಅಕ್ಕ. ಬಾವಿ ಕೆಡಿಸೋ ಅಷ್ಟು ದೊಡ್ಡವನಾ ನಾನು?"

ಜನ ನಕ್ಕರು. ಸೀನಪ್ಪ ನಗಲಿಲ್ಲ.

ಮರುದಿನದಿಂದ ಮಿಲ್ಲಿನ ಟ್ಯಾಂಕರು ಬಂತು. ಮಾಡದ ತಪ್ಪಿಗೆ ಅವರು ಕೊಟ್ಟ ನೀರಿಗೆ ನಾನೂ ಕೊಡ ಹಿಡಿದು ನಿಂತೆ. ಒಂದು ಮಧ್ಯಾಹ್ನ ಸೀನಪ್ಪ ಪಟ್ಟರೆಗೆ ಬಂದು ಗುಂಡಿಯ ಬಳಿ ಬಗ್ಗಿ ಬಾಯಿಬಿಟ್ಟ ಮಣ್ಣನ್ನು ನೋಡಿದ.

"ನಮ್ಮನ್ನ ಬೈಯೋಕೆ ಗೇಟಾದ್ರೂ ಐತೆ. ನಿನ್ನ ಯಾರು ಕೇಳ್ತಾರೆ? ನೀನಾಗೇ ಹೇಳಬೇಕು."

"ಹೇಳಿದ್ರೆ ಪಟ್ಟರೆ ಮುಚ್ಚಬೇಕು. ಈ ಕೆಲಸದವರ ಹೊಟ್ಟೆಪಾಡು?"

"ಆ ಅಕ್ಕನ ಬಾವಿ?"

ನಾನು ಒಳಗೆ ಹೋಗಿ ನೂಲು ತಿರುವತೊಡಗಿದೆ. ಅವನೂ ಯಾರಿಗೂ ಹೇಳಲಿಲ್ಲ — ನಾನೇ ಹೇಳುತ್ತೇನೆಂದು ಕಾದನೋ ಏನೋ. ಜನರನ್ನು ಸಮಾಧಾನ ಮಾಡಲಾಗಲಿಲ್ಲವೆಂದು ಮಿಲ್ಲಿನವರು ಅವನನ್ನು ಕೊಯಮತ್ತೂರಿಗೆ ಕಳಿಸಿಬಿಟ್ಟರು. ನಿಜ ಗೊತ್ತಿದ್ದ ಇನ್ನೊಬ್ಬನೂ ಹೋದ. ಆಮೇಲೆ ಬೀದಿಯ ತುಂಬ ಜನರಿದ್ದರೂ ಮಾತಾಡಲು ನನಗೆ ಯಾರೂ ಇರಲಿಲ್ಲ. ಹೆಂಡತಿಗೂ ಇದನ್ನು ಹೇಳಲಿಲ್ಲ.

ಗುಂಡಿಗೆ ಗುಟ್ಟಾಗಿ ಸಿಮೆಂಟು ಹಾಕಿಸಿದೆ. ನಿನ್ನ ಬಾವಿ ತಿಳಿಯಾಗಲಿಲ್ಲ. ನೀರಿಲ್ಲದ ಮನೆ ಬಿಟ್ಟು ಕಾಂಗೇಯಂಗೆ, ಮಗಳ ಮನೆಗೆ ಹೊರಟ ದಿನ ನೀನು ನನ್ನ ಕೈ ಹಿಡಿದು ಹೇಳಿದೆ: "ಬಾವಿ ಹೋದ್ರೂ ನೀನಿದ್ದೆಯಲ್ಲ ತಮ್ಮ."

ಮಿಲ್ಲಿನ ಕರ್ತವ್ಯವನ್ನು ಜನ ಗೇಟಿನಲ್ಲಿ ನಿಂತು ಕೇಳಬಹುದಿತ್ತು. ನನ್ನದೋ, ಮನಸ್ಸಿಗೆ ಬಂದಾಗ ಮಾಡುವ ಉಪಕಾರ. ಪಥ್ಯದ ಊಟ ಕೊಟ್ಟವನನ್ನು ನೀರಿನ ಬಗ್ಗೆ ಯಾರು ಪ್ರಶ್ನಿಸುತ್ತಾರೆ? ಆ ಒಳ್ಳೆಯ ಹೆಸರಿನ ಹಿಂದೆ ಇಷ್ಟು ವರ್ಷ ಅಡಗಿ ಕುಳಿತೆ.

ನಿನಗೆ ಕನ್ನಡ ಓದಲು ಬಾರದು. ಬಹುಶಃ ಅದಕ್ಕೇ ಇಷ್ಟನ್ನು ಬರೆಯುವ ಧೈರ್ಯ ಬಂತು — ಅದೂ ಹೇಡಿತನವೇ. ನಾಳೆ ಕಾಂಗೇಯಂ ಬಸ್ಸು ಹತ್ತುತ್ತೇನೆ. ನಿನ್ನ ಮಗಳೂ ಅಳಿಯನೂ ಎದುರಿಗಿರುವಾಗಲೇ ಹೇಳುತ್ತೇನೆ. ಒಳಗೆ ಕರೆಯದಿದ್ದರೆ, ಬಾಗಿಲಲ್ಲೇ ನಿಂತು.